ಮಣ್ಣಿನ ಸಾವಯವ ಇಂಗಾಲ: ಪದೇ ಪದೇ ಕೇಳುವ ಪ್ರಶ್ನೆಗಳು

ಮಣ್ಣು ಪರೀಕ್ಷೆಯ ವರದಿ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಸಾರಜನಕ, ರಂಜಕ, ಪೊಟ್ಯಾಷ್ ಸಾಲಿಗೆ ಹೋಗುತ್ತದೆ. ಸಾವಯವ ಇಂಗಾಲದ ಮುಂದೆ 0.6 ಎಂದೋ 1.2 ಎಂದೋ ಒಂದು ಪುಟ್ಟ ಸಂಖ್ಯೆ ಇರುತ್ತದೆ, ಮಣ್ಣಿನ ತೂಕದಲ್ಲಿ ಇಂಗಾಲ ಶೇಕಡಾ ಎಷ್ಟು ಎಂಬ ಲೆಕ್ಕ. ಅದನ್ನು ಓದುವವರು ಕಡಿಮೆ. ಓದಿದವರೂ ಪರೀಕ್ಷೆಯ ಅಂಕದ ಥರ ಓದುತ್ತಾರೆ. ನಾನು ಅದನ್ನು ತೂತು ಕೊಡದಲ್ಲಿ ನಿಂತ ನೀರಿನ ಮಟ್ಟ ಎಂದು ಓದುತ್ತೇನೆ. ಮೇಲಿಂದ ಎಷ್ಟು ಸುರಿಯುತ್ತಿದ್ದೀರಿ, ಕೆಳಗಿಂದ ಎಷ್ಟು ಸೋರುತ್ತಿದೆ ಎನ್ನುವುದರ ಮೇಲೆ ಆ ಮಟ್ಟ ನಿಲ್ಲುತ್ತದೆ. ಕೆಳಗಿನ ಉತ್ತರಗಳಲ್ಲಿ ಈ ಕೊಡ ಮತ್ತೆ ಮತ್ತೆ ಬರುತ್ತದೆ, ಬೇಜಾರು ಮಾಡ್ಕೋಬೇಡಿ.

ಸಾವಯವ ಇಂಗಾಲ ಅಂದರೆ ನಿಜಕ್ಕೂ ಏನು?

ಒಂದು ಕಾಲದಲ್ಲಿ ಜೀವವಾಗಿದ್ದು ಈಗ ಮಣ್ಣಿನಲ್ಲಿ ಉಳಿದಿರುವ ಇಂಗಾಲ. ಎಲೆ, ಬೇರು, ಸಗಣಿ, ಸತ್ತ ಹುಳ, ಸತ್ತ ಬ್ಯಾಕ್ಟೀರಿಯಾ, ಶಿಲೀಂಧ್ರದ ಎಳೆ ಎಲ್ಲವೂ ಇದರಲ್ಲಿ ಬರುತ್ತವೆ. ಗಿಡ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ಮೈ ಕಟ್ಟುತ್ತದೆ. ಆ ಮೈ ಮಣ್ಣಿಗೆ ಬಿದ್ದ ಮೇಲೆ ಜೀವಾಣುಗಳು ತಿನ್ನುತ್ತವೆ. ತಿಂದದ್ದರಲ್ಲಿ ಹೆಚ್ಚಿನ ಪಾಲು ಅವುಗಳ ಉಸಿರಾಗಿ ಮತ್ತೆ ಗಾಳಿಗೆ ಹೋಗುತ್ತದೆ. ಹೋಗದೆ ಉಳಿದದ್ದು ಈ ಇಂಗಾಲ.

ಇದರಲ್ಲಿ ಎರಡು ಬಗೆ ಇದೆ. ಇನ್ನೂ ಎಲೆ, ಬೇರಿನ ಚೂರು ಎಂದು ಗುರುತು ಹಿಡಿಯಬಹುದಾದ ಒರಟು ಭಾಗ ಒಂದು. ಇದು ಕೆಲವು ತಿಂಗಳಿಂದ ಕೆಲವು ವರ್ಷಗಳಲ್ಲಿ ಕರಗುತ್ತದೆ. ಜೇಡಿ ಕಣಗಳಿಗೆ ಅಂಟಿಕೊಂಡ ನುಣ್ಣನೆಯ ಭಾಗ ಇನ್ನೊಂದು. ಇದು ಹೆಚ್ಚಾಗಿ ಸತ್ತ ಜೀವಾಣುಗಳ ಅವಶೇಷ. ಜೇಡಿಯ ಹಿಡಿತದಲ್ಲಿ ಇರುವುದರಿಂದ ದಶಕಗಳು, ಕೆಲವೊಮ್ಮೆ ಶತಮಾನಗಳೇ ಉಳಿಯುತ್ತದೆ. ಮೊದಲನೆಯದು ಮಣ್ಣಿನ ಊಟ, ಎರಡನೆಯದು ಮಣ್ಣಿನ ಆಸ್ತಿ ಎನ್ನಬಹುದು.

ಸಾವಯವ ಪದಾರ್ಥ ಮತ್ತು ಸಾವಯವ ಇಂಗಾಲ ಎರಡೂ ಒಂದೇನಾ?

ಅಲ್ಲ. ಸಾವಯವ ಪದಾರ್ಥದಲ್ಲಿ ಇಂಗಾಲದ ಜೊತೆ ಆಮ್ಲಜನಕ, ಜಲಜನಕ, ಸಾರಜನಕ, ಗಂಧಕ ಎಲ್ಲ ಇರುತ್ತವೆ. ಅದರಲ್ಲಿ 58% ಇಂಗಾಲ ಎಂಬ ಹಳೆಯ ಲೆಕ್ಕದ ಮೇಲೆ, ಇಂಗಾಲವನ್ನು 1.724ರಿಂದ ಗುಣಿಸಿ ಸಾವಯವ ಪದಾರ್ಥ ಎಂದು ಬರೆಯುವ ರೂಢಿ ಇದೆ. ಎಷ್ಟೋ ಮಣ್ಣುಗಳಲ್ಲಿ ನಿಜವಾದ ಗುಣಕ 2ರ ಹತ್ತಿರ ಬರುತ್ತದೆ. ಹಾಗಾಗಿ ಒಂದು ವರದಿಯಲ್ಲಿ ಪದಾರ್ಥ, ಇನ್ನೊಂದರಲ್ಲಿ ಇಂಗಾಲ ಇದ್ದರೆ ನೇರವಾಗಿ ಹೋಲಿಸಬೇಡಿ. 1.2 ಇದ್ದದ್ದು 0.7 ಆಯಿತು ಎಂದು ಗಾಬರಿಯಾದವರಲ್ಲಿ ಅರ್ಧ ಜನ ನೋಡಿದ್ದು ಎರಡು ಬೇರೆ ಬೇರೆ ವಸ್ತುಗಳನ್ನು.

ಒಂದೇ ಒಂದು ಸಂಖ್ಯೆಯಿಂದ ಮಣ್ಣಿನ ಆರೋಗ್ಯ ಹೇಗೆ ಗೊತ್ತಾಗುತ್ತದೆ?

ಪೂರ್ತಿ ಗೊತ್ತಾಗುವುದಿಲ್ಲ. ಆದರೆ ಮಣ್ಣು ಮಾಡುವ ಕೆಲಸಗಳಲ್ಲಿ ಇಂಗಾಲ ಕೈ ಹಾಕದ ಕೆಲಸವೇ ಅಪರೂಪ. ಅದಕ್ಕೇ ಒಂದೇ ಒಂದು ಅಳತೆ ಆರಿಸಿಕೊಳ್ಳಿ ಎಂದರೆ ಮಣ್ಣು ವಿಜ್ಞಾನಿಗಳಲ್ಲಿ ಹೆಚ್ಚಿನವರು ಇದನ್ನೇ ಆರಿಸುತ್ತಾರೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಭೂಮಿ ಹಾಳಾಗಿರುವುದನ್ನು ಅಳೆಯಲು ಮೂರು ಸೂಚಕಗಳಿವೆ. ಭೂಮಿಯ ಹೊದಿಕೆ, ಉತ್ಪಾದಕತೆ ಆದ ಮೇಲೆ ಮೂರನೆಯದು ಇಂಗಾಲದ ಸಂಗ್ರಹ.

ಕಣ್ಣಾರೆ ನೋಡಬೇಕಾದರೆ ಹೀಗೆ ಮಾಡಿ. ಉಳುಮೆ ಕಾಣದ ಬದುವಿನ ಹುಲ್ಲಿನ ಬುಡದಿಂದ ನಿಂಬೆಹಣ್ಣಿನ ಗಾತ್ರದ ಒಂದು ಹೆಂಟೆ ತನ್ನಿ. ಅದೇ ಹೊಲದ ನಡುವಿನಿಂದ ಅಷ್ಟೇ ದೊಡ್ಡ ಇನ್ನೊಂದು ಹೆಂಟೆ. ಎರಡನ್ನೂ ನೆರಳಲ್ಲಿ ಚೆನ್ನಾಗಿ ಒಣಗಿಸಿ. ಎರಡು ಗಾಜಿನ ಲೋಟದಲ್ಲಿ ನೀರು ತುಂಬಿ, ಬಾಯಿಗೆ ಜರಡಿ ಬಲೆಯ ತುಂಡನ್ನು ನೀರೊಳಗೆ ಇಳಿಬಿಡುವಂತೆ ಸಿಕ್ಕಿಸಿ, ಅದರ ಮೇಲೆ ಹೆಂಟೆ ಇಡಿ. ಹೊಲದ ಹೆಂಟೆಯಿಂದ ಮೊದಲು ಗುಳ್ಳೆಗಳು ಪುಳುಪುಳು ಏಳುತ್ತವೆ. ಆಮೇಲೆ ಒಂದು ಮಗ್ಗುಲು ಕುಸಿಯುತ್ತದೆ. ಎಷ್ಟೋ ಸಲ ಐದು ನಿಮಿಷದೊಳಗೆ ಬಲೆ ಖಾಲಿ, ತಳದಲ್ಲಿ ಕೆಸರು. ಬದುವಿನ ಹೆಂಟೆ ಮಾತ್ರ ಸಣ್ಣ ಬೇರುಗಳನ್ನು ಮೀಸೆಯ ಹಾಗೆ ಚಾಚಿಕೊಂಡು ಸುಮ್ನೆ ಕೂತಿರುತ್ತದೆ.

ಹೀಗೇಕೆ ಅಂದರೆ, ಒಣ ಹೆಂಟೆಗೆ ನೀರು ನುಗ್ಗಿದಾಗ ಒಳಗೆ ಸಿಕ್ಕಿಬಿದ್ದ ಗಾಳಿ ಹೆಂಟೆಯನ್ನು ಒಡೆಯಲು ನೋಡುತ್ತದೆ. ಶಿಲೀಂಧ್ರದ ಎಳೆಗಳು, ಜೀವಾಣುಗಳು ಬಿಟ್ಟ ಅಂಟು, ಬೇರಿನ ರಸ ಇದ್ದರೆ ಹೆಂಟೆ ತಡೆದುಕೊಳ್ಳುತ್ತದೆ. ಇಲ್ಲದಿದ್ದರೆ ಸಿಡಿಯುತ್ತದೆ. ಜೋರು ಮಳೆಯಲ್ಲಿ ಹೊಲದ ಮೇಲೆ ಆಗುವುದೂ ಇದೇ. ಸಿಡಿದ ಕಣಗಳು ರಂಧ್ರ ಮುಚ್ಚುತ್ತವೆ, ಮೇಲೆ ಹೆಪ್ಪು ಕಟ್ಟುತ್ತದೆ, ನೀರು ಇಂಗದೆ ಹರಿಯುತ್ತದೆ, ಮೊಳಕೆ ಮೇಲೆ ಬರಲು ಒದ್ದಾಡುತ್ತದೆ. ಒಂದು ಎಚ್ಚರಿಕೆ ಇದೆ. ಲೋಟದ ನೀರು ಗಂಟೆಗಳ ನಂತರವೂ ಹಾಲಿನ ಹಾಗೆ ಕದಡಿಕೊಂಡೇ ಇದ್ದರೆ ಸೋಡಿಯಂ ಜಾಸ್ತಿ ಇದೆಯಾ ಎಂದು ಮೊದಲು ಪರೀಕ್ಷೆ ಮಾಡಿಸಿ. ಅದು ಬೇರೆಯದೇ ಕಾಯಿಲೆ.

ಪೋಷಕಾಂಶದ ಮಾತೂ ಇದೆ. ಮಣ್ಣಿನ ಸಾವಯವ ಪದಾರ್ಥದಲ್ಲಿ 10ರಿಂದ 12 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇರುತ್ತದೆ. ಇಂಗಾಲ ಕರಗುವಾಗ ಆ ಸಾರಜನಕ ಬೆಳೆಗೆ ಸಿಗುತ್ತದೆ. ಅಂದರೆ ಕೊಡ ಸೋರುವುದು ಬರೀ ನಷ್ಟವಲ್ಲ, ಸೋರಿದ ನೀರೇ ಗಿಡಕ್ಕೆ ಸಿಗುವುದು. ಸುರಿಯುವುದನ್ನು ನಿಲ್ಲಿಸಿದಾಗ ತೊಂದರೆ ಶುರು.

ಇಂಗಾಲ ಹೆಚ್ಚಾದರೆ ಮಣ್ಣು ಲಕ್ಷಗಟ್ಟಲೆ ಲೀಟರ್ ನೀರು ಹಿಡಿಯುತ್ತದಂತೆ, ಹೌದಾ?

ಇದು ಉಬ್ಬಿಸಿದ ಮಾತು. 50,000ಕ್ಕೂ ಹೆಚ್ಚು ಅಳತೆಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯೊಂದರ ಪ್ರಕಾರ, ಇಂಗಾಲ ಪೂರ್ತಿ 1% ಏರಿದರೆ ಪ್ರತಿ 10 ಸೆಂಟಿಮೀಟರ್ ಮಣ್ಣಿನಲ್ಲಿ ಗಿಡಕ್ಕೆ ಸಿಗುವ ನೀರು ಸರಾಸರಿ 1.2 ಮಿಲಿಮೀಟರ್‌ನಷ್ಟು ಮಾತ್ರ ಹೆಚ್ಚುತ್ತದೆ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರಿಗೆ ಲೆಕ್ಕ ಹಾಕಿದರೆ ಸುಮಾರು 7,000 ಲೀಟರ್. ಮರಳು ಮಣ್ಣಲ್ಲಿ ಸ್ವಲ್ಪ ಜಾಸ್ತಿ, ಜೇಡಿಯಲ್ಲಿ ಕಡಿಮೆ. ಇಂಗಾಲದ ದೊಡ್ಡ ಉಪಕಾರ ಇರುವುದು ನೀರು ಹಿಡಿದಿಡುವುದಕ್ಕಿಂತ ನೀರನ್ನು ಒಳಗೆ ಬಿಟ್ಟುಕೊಳ್ಳುವುದರಲ್ಲಿ. ಲೋಟದಲ್ಲಿ ನೋಡಿದ್ದು ಅದನ್ನೇ.

ಮಣ್ಣು ಕಪ್ಪಗಿದ್ದರೆ ಇಂಗಾಲ ಹೆಚ್ಚು ಇದೆ ಎಂದೇ ಅರ್ಥವಾ?

ಒಂದೇ ಹೊಲದೊಳಗೆ ಹೋಲಿಸುವಾಗ ಬಣ್ಣ ಒಳ್ಳೆಯ ಸುಳಿವು. ಬೇರೆ ಬೇರೆ ಮಣ್ಣುಗಳ ನಡುವೆ ನಂಬಬೇಡಿ. ಎರೆ ಮಣ್ಣು ಕರ್ರಗಿದ್ದರೂ ಅದರಲ್ಲಿ ಇಂಗಾಲ ಎಷ್ಟೋ ಕಡೆ 1%ಗಿಂತ ಕಡಿಮೆ ಇರುತ್ತದೆ. ಅಲ್ಲಿ ಜೇಡಿ ಮತ್ತು ಸ್ವಲ್ಪವೇ ಇಂಗಾಲ ಬಿಗಿಯಾಗಿ ಬೆರೆತು ಆ ಬಣ್ಣ ಬಂದಿರುತ್ತದೆ. ಕೆಂಪು ಮಣ್ಣಿನಲ್ಲಿ ಕಬ್ಬಿಣದ ಬಣ್ಣ ಇಂಗಾಲವನ್ನು ಮರೆಮಾಡಬಹುದು.

ಹಾಗಾದರೆ ಎಷ್ಟಿದ್ದರೆ ಒಳ್ಳೆಯದು?

ಎಲ್ಲ ಮಣ್ಣಿಗೂ ಹೊಂದುವ ಒಂದು ಸಂಖ್ಯೆ ಇಲ್ಲ. ಬಿಸಿ ಜಾಸ್ತಿ ಇದ್ದಲ್ಲಿ, ತೇವವೂ ಇದ್ದರೆ, ಜೀವಾಣುಗಳು ಬೇಗ ತಿನ್ನುತ್ತವೆ, ತೂತು ದೊಡ್ಡದು. ತಂಪು ಪ್ರದೇಶದಲ್ಲಿ ಚಿಕ್ಕದು. ಮರಳು ಮಣ್ಣಿಗೆ ಇಂಗಾಲ ಹಿಡಿದಿಡುವ ಜೇಡಿ ಇಲ್ಲ. ಹಾಗಾಗಿ ಮರಳು ಮಣ್ಣಿನಲ್ಲಿ 0.8% ಬಹಳ ಒಳ್ಳೆಯ ಸ್ಥಿತಿ ಆಗಿರಬಹುದು, ಗಟ್ಟಿ ಜೇಡಿಯಲ್ಲಿ ಅದೇ 0.8% ಬಡತನ.

ಇದಕ್ಕಾಗಿ ಕೆಲವರು ಇಂಗಾಲವನ್ನು ಜೇಡಿಯ ಪ್ರಮಾಣದಿಂದ ಭಾಗಿಸಿ ನೋಡುತ್ತಾರೆ. 10 ಪಾಲು ಜೇಡಿಗೆ 1 ಪಾಲು ಇಂಗಾಲ ಇದ್ದರೆ ಮಣ್ಣಿನ ಕಟ್ಟು ಚೆನ್ನಾಗಿದೆ, 13 ಪಾಲಿಗೆ 1ಕ್ಕಿಂತ ಕಡಿಮೆಯಾದರೆ ಹಾಳಾಗಿದೆ ಎಂಬುದು ಯುರೋಪಿನ ಮಣ್ಣುಗಳಿಂದ ಬಂದ ಅಳತೆಗೋಲು. ಬಿಸಿ, ಒಣ ಪ್ರದೇಶದ ಭಾರೀ ಜೇಡಿ ಮಣ್ಣಿಗೆ ಇದನ್ನು ಹಾಗೇ ಹಚ್ಚಿದರೆ ಎಲ್ಲವೂ ಫೇಲ್ ಆಗಿಬಿಡುತ್ತವೆ. ನನ್ನ ಕೇಳಿದರೆ ಎಲ್ಲಕ್ಕಿಂತ ನ್ಯಾಯವಾದ ಹೋಲಿಕೆ ನಿಮ್ಮದೇ ಬದು. ಅದೇ ಮಣ್ಣು, ಅದೇ ಮಳೆ, ಉಳುಮೆ ಒಂದೇ ಇಲ್ಲ. ಅಲ್ಲಿ 1.4 ಇದ್ದು ಹೊಲದಲ್ಲಿ 0.6 ಇದ್ದರೆ ಎಷ್ಟು ಕಳೆದುಕೊಂಡಿದ್ದೀರಿ ಎಂಬುದು ತಾನೇ ಗೊತ್ತಾಗುತ್ತದೆ.

ಲ್ಯಾಬಿನಲ್ಲಿ ಹೇಗೆ ಅಳೆಯುತ್ತಾರೆ?

ಹಳೆಯ ವಿಧಾನ ವಾಕ್ಲಿ ಮತ್ತು ಬ್ಲ್ಯಾಕ್ ಎಂಬಿಬ್ಬರು 1934ರಲ್ಲಿ ಪ್ರಕಟಿಸಿದ್ದು. ಮಣ್ಣಿಗೆ ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಸಲ್ಫ್ಯೂರಿಕ್ ಆಮ್ಲ ಹಾಕಿದಾಗ ಹುಟ್ಟುವ ಬಿಸಿಯಲ್ಲೇ ಇಂಗಾಲ ಉರಿಯುತ್ತದೆ. ಎಷ್ಟು ಡೈಕ್ರೋಮೇಟ್ ಖರ್ಚಾಯಿತು ಎಂಬುದರಿಂದ ಲೆಕ್ಕ. ಈ ಬಿಸಿಗೆ ಎಲ್ಲ ಇಂಗಾಲ ಉರಿಯುವುದಿಲ್ಲ, ಸರಾಸರಿ 77% ಮಾತ್ರ ಎಂದು ಹಿಡಿದು ಸುಮಾರು 1.3ರಿಂದ ಗುಣಿಸುತ್ತಾರೆ. ಕೆಲವು ಲ್ಯಾಬುಗಳು ಗುಣಿಸದೆಯೇ ಕೊಡುತ್ತವೆ. ಕೇಳಿ ತಿಳಿದುಕೊಳ್ಳಿ.

ಹೊಸ ಯಂತ್ರಗಳು ಮಣ್ಣನ್ನು 900 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಉರಿಸಿ ಬಂದ ಅನಿಲವನ್ನು ಅಳೆಯುತ್ತವೆ. ಇದು ಹೆಚ್ಚು ನಿಖರ. ಆದರೆ ಸುಣ್ಣದ ಕಲ್ಲಿನ ಇಂಗಾಲವನ್ನೂ ಎಣಿಸಿಬಿಡುತ್ತದೆ. ಮಣ್ಣಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟಾಗ ಸೋಡಾದ ಹಾಗೆ ಬುಸುಗುಟ್ಟಿದರೆ ಸುಣ್ಣ ಇದೆ ಎಂದರ್ಥ. ಅಂಥ ಮಣ್ಣಿಗೆ ಸುಣ್ಣದ ಪಾಲನ್ನು ಬೇರೆ ಮಾಡಿ ಕೊಡಿ ಎಂದು ಮೊದಲೇ ಹೇಳಬೇಕು.

ಎರಡು ವರದಿಗಳಲ್ಲಿ ಎರಡು ಥರ ಬಂದಿದೆ. ಯಾವುದನ್ನು ನಂಬಲಿ?

ಲ್ಯಾಬನ್ನು ಬೈಯುವ ಮೊದಲು ಗುದ್ದಲಿಯನ್ನು ವಿಚಾರಿಸಿ. ನನ್ನದೇ ಎಡವಟ್ಟು ಹೇಳುತ್ತೇನೆ. ಒಂದು ಸಲ 0.9 ಬಂದಿತ್ತು, ಎರಡು ವರ್ಷದ ನಂತರ 0.6. ಅಷ್ಟೆಲ್ಲ ಗೊಬ್ಬರ ಹೊತ್ತದ್ದು ನೀರಲ್ಲಿ ಹೋಮವಾಯಿತಲ್ಲ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ನೆನಪಾಯಿತು. ಮೊದಲ ಸಲ ನೆಲ ಒಣಗಿ ಕಲ್ಲಾಗಿತ್ತು, ಗುದ್ದಲಿ ನಾಲ್ಕು ಬೆರಳಿನಷ್ಟು ಮಾತ್ರ ಇಳಿದಿತ್ತು. ಎರಡನೇ ಸಲ ಮಳೆ ಬಿದ್ದು ಹದವಾಗಿತ್ತು, ಗುದ್ದಲಿ ಗೇಣುದ್ದ ಸಲೀಸಾಗಿ ಹೋಯಿತು. ಇಂಗಾಲ ಮೇಲ್ಪದರದಲ್ಲೇ ಹೆಚ್ಚು. ಆಳದ ಬಡ ಮಣ್ಣು ಬೆರೆತಾಗ ಸಂಖ್ಯೆ ಇಳಿಯದೆ ಇನ್ನೇನಾಗುತ್ತದೆ? ಹೊಲ ಬದಲಾಗಿರಲಿಲ್ಲ, ಗುಂಡಿ ಬದಲಾಗಿತ್ತು. ಅವತ್ತಿಂದ ಗುದ್ದಲಿಯ ಎಲೆಯ ಮೇಲೆ 15 ಸೆಂಟಿಮೀಟರಿಗೆ ಒಂದು ಬಣ್ಣದ ಗೆರೆ ಎಳೆದಿದ್ದೇನೆ.

0.1% ಏರಿಸಲು ಎಷ್ಟು ಗೊಬ್ಬರ ಬೇಕು?

ಲೆಕ್ಕ ಹಾಕೋಣ, ಕಷ್ಟವೇನಿಲ್ಲ. ಒಂದು ಎಕರೆ, 15 ಸೆಂಟಿಮೀಟರ್ ಆಳ, ಒಂದು ಘನ ಸೆಂಟಿಮೀಟರ್ ಮಣ್ಣಿನ ತೂಕ 1.3 ಗ್ರಾಂ. ಒಟ್ಟು ಮಣ್ಣು ಹತ್ತಿರ ಹತ್ತಿರ 8 ಲಕ್ಷ ಕೆಜಿ. ಅದರ 0.1% ಅಂದರೆ 800 ಕೆಜಿ ಇಂಗಾಲ. ಹಾಕಿದ್ದಲ್ಲ, ಉಳಿದದ್ದು 800 ಕೆಜಿ ಇರಬೇಕು.

ಒಂದು ಟನ್ ಒಣ ಹುಲ್ಲಿನಲ್ಲಿ ಸುಮಾರು 400 ಕೆಜಿ ಇಂಗಾಲ. ಕೆಲವು ವರ್ಷ ಕಳೆದ ಮೇಲೆ ಅದರಲ್ಲಿ ಹತ್ತನೇ ಒಂದು ಪಾಲೋ, ಸ್ವಲ್ಪ ಹೆಚ್ಚೋ ಉಳಿದೀತು. 40ರಿಂದ 60 ಕೆಜಿ ಎನ್ನಿ. ಆ ಲೆಕ್ಕಕ್ಕೆ ಎಕರೆಗೆ 13ರಿಂದ 20 ಟನ್ ಒಣ ಹುಲ್ಲು ಬೇಕು. ಇದರ ಮೇಲೆ ಈಗಾಗಲೇ ಇರುವ ಇಂಗಾಲ ಸೋರುತ್ತಿರುತ್ತದೆ. 0.6% ಇರುವ ಹೊಲದಲ್ಲಿ ವರ್ಷಕ್ಕೆ 2% ಕರಗಿದರೂ 95 ಕೆಜಿ ಹೋಯಿತು. ಮಟ್ಟ ಇಳಿಯದಂತೆ ನೋಡಿಕೊಳ್ಳಲೇ ಅಷ್ಟು ತುಂಬಬೇಕು.

ಕಳಿತ ಕಾಂಪೋಸ್ಟ್ ಹಾಕಿದರೆ ಹಾಕಿದ ಇಂಗಾಲದಲ್ಲಿ ಹೆಚ್ಚು ಪಾಲು ಉಳಿಯುತ್ತದೆ, ನಿಜ. ಆದರೆ ಕಳಿಯುವಾಗ ಗುಂಡಿಯಲ್ಲೇ ಅರ್ಧದಷ್ಟು ಇಂಗಾಲ ಗಾಳಿಗೆ ಹೋಗಿರುತ್ತದೆ. ಅದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೇ.

ಸಾರಜನಕವನ್ನೂ ಮರೆಯಬೇಡಿ. 800 ಕೆಜಿ ಇಂಗಾಲ ಗಟ್ಟಿಯಾಗಿ ಕೂರಬೇಕಾದರೆ ಜೊತೆಗೆ 70–80 ಕೆಜಿ ಸಾರಜನಕ ಬೇಕು. ಬರೀ ಒಣ ಹುಲ್ಲು ಹೂತರೆ ಜೀವಾಣುಗಳು ಆ ಸಾರಜನಕವನ್ನು ಮಣ್ಣಿನಿಂದಲೇ ಕಿತ್ತುಕೊಳ್ಳುತ್ತವೆ, ಬೆಳೆ ಹಳದಿ ತಿರುಗುತ್ತದೆ. ದ್ವಿದಳದ ಹಸಿರೆಲೆ ಜೊತೆಗೆ ಸೇರಿಸುವುದು ಇದಕ್ಕೇ.

ಒಂದೇ ವರ್ಷದಲ್ಲಿ 0.5% ಏರಿಸುತ್ತೇವೆ ಎನ್ನುವ ಜಾಹೀರಾತು ಕಂಡಾಗ ಈ ಲೆಕ್ಕ ಹಾಕಿ ನೋಡಿ. ನಗು ಬರುತ್ತದೆ.

ಬಾಟಲಿಯಲ್ಲಿ ಬರುವ ಜೀವಾಣು ದ್ರಾವಣದಿಂದ ಇಂಗಾಲ ಏರುತ್ತದಾ?

ಒಂದೆರಡು ಲೀಟರ್ ದ್ರಾವಣದಲ್ಲಿ 800 ಕೆಜಿ ಇಂಗಾಲ ಇರಲು ಸಾಧ್ಯವಿಲ್ಲ. ಜೀವಾಣು ಅಡುಗೆಯವರು, ಅಕ್ಕಿ ಬೇಳೆ ಅಲ್ಲ.

ಮೇಲಿಂದ ಹಾಕುವುದು ಬಿಟ್ಟು ಬೇರೆ ದಾರಿ ಇಲ್ವಾ?

ಇದೆ, ಬೇರು. ನೆಲದ ಮೇಲಿನ ಎಲೆ ಕಡ್ಡಿಗಿಂತ ಬೇರಿನ ಇಂಗಾಲ ಮಣ್ಣಿನಲ್ಲಿ ಹೆಚ್ಚು ಉಳಿಯುತ್ತದೆ. ಅದು ಹುಟ್ಟುವುದೇ ಜೇಡಿ ಕಣಗಳ ಪಕ್ಕದಲ್ಲಿ. ಜೀವಂತ ಬೇರು ಸಕ್ಕರೆಯಂಥ ರಸವನ್ನೂ ಬಿಡುತ್ತಿರುತ್ತದೆ, ಜೀವಾಣುಗಳು ಅದರ ಸುತ್ತಲೇ ಮುತ್ತಿಕೊಂಡಿರುತ್ತವೆ. ಹಾಗಾಗಿ ಎರಡು ಬೆಳೆಗಳ ನಡುವೆ ನೆಲ ಬರಿದಾಗಿ ಬಿದ್ದಿರುವ ತಿಂಗಳುಗಳು ದೊಡ್ಡ ನಷ್ಟ. ಸುರಿಯುವುದು ನಿಂತಿರುತ್ತದೆ, ಸೋರುವುದು ಮಾತ್ರ ನಡೆದೇ ಇರುತ್ತದೆ. ತೇವ ಇದ್ದರೆ ಆ ಸಮಯಕ್ಕೆ ಏನಾದರೂ ಹೊದಿಕೆ ಬೆಳೆ ಬಿತ್ತಿ. ಹೊರಗಿಂದ ಗೊಬ್ಬರ ತರಲಾಗದವರಿಗೆ ನನ್ನ ಮೊದಲ ಸಲಹೆ ಇದೇ.

ಉಳುಮೆ ನಿಲ್ಲಿಸಿದರೆ ಇಂಗಾಲ ಏರುತ್ತದೆಯೇ?

ಮೇಲಿನ 5–10 ಸೆಂಟಿಮೀಟರಿನಲ್ಲಿ ಖಂಡಿತ ಏರುತ್ತದೆ. 30 ಸೆಂಟಿಮೀಟರ್ ಅಥವಾ ಅದಕ್ಕೂ ಆಳಕ್ಕೆ ಅಳೆದಾಗ ಎಷ್ಟೋ ಕಡೆ ಒಟ್ಟು ಮೊತ್ತದಲ್ಲಿ ಹೆಚ್ಚು ವ್ಯತ್ಯಾಸ ಕಂಡಿಲ್ಲ. ಮೊದಲು ನೇಗಿಲು ಕೆಳಗೆ ಹೂಳುತ್ತಿದ್ದುದು ಈಗ ಮೇಲೇ ನಿಂತಿದೆ. ಆದರೆ ಮೇಲ್ಪದರದ ಕಟ್ಟು ಗಟ್ಟಿಯಾದರೆ ಮಳೆಗೆ ಮಣ್ಣು ಕೊಚ್ಚಿಹೋಗುವುದು ಕಡಿಮೆಯಾಗುತ್ತದೆ. ಮೇಲ್ಮಣ್ಣು ಹೋದರೆ ಇಂಗಾಲವೂ ಅದರ ಜೊತೆ ಹೋಯಿತಲ್ವಾ? ಉಳುಮೆ ಕಡಿಮೆ ಮಾಡಲು ಆ ಒಂದು ಕಾರಣವೇ ಸಾಕು.

ರಾಸಾಯನಿಕ ಗೊಬ್ಬರ ಇಂಗಾಲವನ್ನು ತಿಂದುಹಾಕುತ್ತದಾ?

ಹೀಗೆ ನಂಬಿದವರು ಬಹಳ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಿಂದ ನಡೆಯುತ್ತಿರುವ ಬ್ರಾಡ್‌ಬಾಕ್ ಗೋಧಿ ಪ್ರಯೋಗ ಬೇರೆಯದೇ ಕಥೆ ಹೇಳುತ್ತದೆ. ಏನೂ ಹಾಕದ ತಾಕಿಗಿಂತ ರಸಗೊಬ್ಬರ ಹಾಕಿದ ತಾಕಿನಲ್ಲಿ ಇಂಗಾಲ ಸ್ವಲ್ಪ ಹೆಚ್ಚೇ ಇದೆ, ಏಕೆಂದರೆ ಬೆಳೆ ಚೆನ್ನಾಗಿ ಬಂದು ಬೇರು, ಕೂಳೆ ಜಾಸ್ತಿ ಉಳಿಯಿತು. ವರ್ಷಾ ವರ್ಷಾ ಹೆಕ್ಟೇರಿಗೆ 35 ಟನ್ ಕೊಟ್ಟಿಗೆ ಗೊಬ್ಬರ ಬಿದ್ದ ತಾಕಂತೂ ಎರಡನ್ನೂ ಬಹಳ ಹಿಂದೆ ಹಾಕಿದೆ. ರಸಗೊಬ್ಬರ ಹಾಕಿ, ಕಟಾವಾದ ಮೇಲೆ ಕಡ್ಡಿಯನ್ನೂ ಬಿಡದೆ ಹೊತ್ತೊಯ್ದರೆ ಇಂಗಾಲ ಇಳಿಯುತ್ತದೆ. ಆಗ ತಪ್ಪು ಗೊಬ್ಬರದ್ದಲ್ಲ, ಹೊತ್ತೊಯ್ದದ್ದರದ್ದು.

ಅಲ್ಲಿಯದೇ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. 1852ರಲ್ಲಿ ಶುರುವಾದ ಬಾರ್ಲಿ ಪ್ರಯೋಗದ ಒಂದು ತಾಕಿಗೆ 20 ವರ್ಷ ಕೊಟ್ಟಿಗೆ ಗೊಬ್ಬರ ಹಾಕಿ, 1871ರ ನಂತರ ನಿಲ್ಲಿಸಿಬಿಟ್ಟರು. ನೂರು ವರ್ಷ ಕಳೆದ ಮೇಲೂ ಆ ತಾಕಿನಲ್ಲಿ ಗೊಬ್ಬರವನ್ನೇ ಕಾಣದ ಪಕ್ಕದ ತಾಕಿಗಿಂತ ಇಂಗಾಲ ಹೆಚ್ಚಿತ್ತು. ಹಾಕಿದವರ ಮರಿಮಕ್ಕಳ ಕಾಲಕ್ಕೂ ಲೆಕ್ಕಕ್ಕೆ ಸಿಕ್ಕಿತು!

ಬಯೋಚಾರ್ ಹಾಕಿದರೆ ಹೇಗೆ?

ಗಾಳಿ ಕಡಿಮೆ ಕೊಟ್ಟು ಸುಟ್ಟ ಇದ್ದಿಲು ಮಣ್ಣಿನಲ್ಲಿ ಬಹಳ ಕಾಲ ಉಳಿಯುತ್ತದೆ. ಉರಿಸಿ ಅಳೆಯುವ ಯಂತ್ರದಲ್ಲಿ ಸಂಖ್ಯೆ ಥಟ್ಟನೆ ಏರುತ್ತದೆ. ಆದರೆ ಜೀವಾಣುಗಳಿಗೆ ಅದು ಊಟವಲ್ಲ, ಹೆಚ್ಚೆಂದರೆ ಮನೆ. ಹುಳಿ ಮಣ್ಣು, ಮರಳು ಮಣ್ಣಿನಲ್ಲಿ ಒಳ್ಳೆಯ ಫಲ ಕೊಟ್ಟದ್ದುಂಟು. ಇದ್ದಿಲು ಹಾಕಿ ಏರಿದ 0.3%, ಬೇರು ಗೊಬ್ಬರದಿಂದ ಏರಿದ 0.3% ಎರಡೂ ಒಂದೇ ಎಂದು ಮಾತ್ರ ತಿಳಿಯಬೇಡಿ.

ಇಂಗಾಲ ಜಾಸ್ತಿಯಾದರೆ ತೊಂದರೆ ಇದೆಯಾ?

ಇಂಗಾಲದಿಂದ ಅಲ್ಲ, ಅದನ್ನು ಏರಿಸಲು ಸುರಿದ ಗೊಬ್ಬರದಿಂದ ಇರಬಹುದು. ಕೋಳಿ ಗೊಬ್ಬರವನ್ನು ವರ್ಷಗಟ್ಟಲೆ ಮಿತಿ ಮೀರಿ ಹಾಕಿದರೆ ರಂಜಕ ಗುಡ್ಡೆಯಾಗುತ್ತದೆ, ಮಳೆನೀರಿನ ಜೊತೆ ಕೆರೆ ಸೇರಿ ಪಾಚಿ ಬೆಳೆಸುತ್ತದೆ.

ಇಂಗಾಲ ಹಿಡಿದಿಟ್ಟು ಹವಾಮಾನ ಬದಲಾವಣೆ ತಡೆಯಬಹುದು ಎನ್ನುತ್ತಾರಲ್ಲ?

ಲೋಕದ ಮಣ್ಣಿನಲ್ಲಿ 1 ಮೀಟರ್ ಆಳದವರೆಗೆ ಸುಮಾರು 1500 ಶತಕೋಟಿ ಟನ್ ಸಾವಯವ ಇಂಗಾಲ ಇದೆ. ಈಗ ಗಾಳಿಯಲ್ಲಿರುವುದಕ್ಕಿಂತ ಬಹಳ ಹೆಚ್ಚು. 2015ರ ಪ್ಯಾರಿಸ್ ಹವಾಮಾನ ಸಮ್ಮೇಳನದಲ್ಲಿ ಫ್ರಾನ್ಸ್ 'ಸಾವಿರಕ್ಕೆ ನಾಲ್ಕು' ಎಂಬ ಯೋಜನೆ ಮುಂದಿಟ್ಟಿತು, ಅಂದರೆ ಈಗಿರುವ ಸಂಗ್ರಹವನ್ನು ವರ್ಷಕ್ಕೆ ಅದರದೇ 0.4%ನಷ್ಟು ಏರಿಸುವುದು. ಆಸೆ ಒಳ್ಳೆಯದು. ಆದರೆ ಕೊಡದಲ್ಲಿ ಮಟ್ಟ ಏರಿದ ಹಾಗೆ ಸೋರುವುದೂ ಏರುತ್ತದೆ, ಕೆಲವು ದಶಕದಲ್ಲಿ ಹೊಸ ಮಟ್ಟಕ್ಕೆ ನಿಂತುಬಿಡುತ್ತದೆ. ಪಕ್ಕದ ಹೊಲದ ಹುಲ್ಲು ತಂದು ನನ್ನ ಹೊಲಕ್ಕೆ ಹಾಕಿದರೆ ನನ್ನ ವರದಿ ಚೆಂದವಾಗುತ್ತದೆ, ಗಾಳಿಗೆ ಹೆಚ್ಚೇನೂ ಲಾಭವಿಲ್ಲ. ಇಂಗಾಲದ ಕ್ರೆಡಿಟ್ ಮಾರುವ, ಅಂದರೆ ಮಣ್ಣಿನಲ್ಲಿ ಹಿಡಿದಿಟ್ಟ ಇಂಗಾಲಕ್ಕೆ ದುಡ್ಡು ಪಡೆಯುವ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಯಾವ ಆಳಕ್ಕೆ ಅಳೆಯುತ್ತಾರೆ, ಎಷ್ಟು ವರ್ಷ ಉಳಿಸಿಕೊಳ್ಳಬೇಕು, ಉಳಿಯದಿದ್ದರೆ ಯಾರ ಹೊಣೆ ಎಂದು ಬರವಣಿಗೆಯಲ್ಲಿ ಕೇಳಿ.

ಎಷ್ಟು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು?

3ರಿಂದ 5 ವರ್ಷಕ್ಕೊಮ್ಮೆ ಸಾಕು. ಪ್ರತಿ ವರ್ಷ ಅಳೆದರೆ ಕಾಣುವುದು ಅಳತೆಯ ಏರುಪೇರು, ಮಣ್ಣಿನದಲ್ಲ. ಬೇಗ ಸುಳಿವು ಬೇಕಾದರೆ ಪರ್ಮಾಂಗನೇಟ್ ದ್ರಾವಣದಿಂದ ಅಳೆಯುವ 'ಚುರುಕು ಇಂಗಾಲ'ದ ಪರೀಕ್ಷೆ ಇದೆ. ನೇರಳೆ ಬಣ್ಣ ಎಷ್ಟು ಮಾಸಿತು ಎಂಬುದರ ಮೇಲೆ ಲೆಕ್ಕ. ಒಟ್ಟು ಇಂಗಾಲ ಕದಲುವ ಮೊದಲೇ ಇದು ಕದಲುತ್ತದೆ. ಅದೂ ಸಿಗದಿದ್ದರೆ ಲೋಟ, ಹೆಂಟೆ ಇದ್ದೇ ಇದೆ.

ಮಾದರಿ ತೆಗೆಯುವಾಗ ಏನು ಗಮನಿಸಬೇಕು?

ಹೊಲದಲ್ಲಿ ಅಂಕುಡೊಂಕಾಗಿ ನಡೆದು 15–20 ಕಡೆ ತೆಗೆಯಿರಿ. ಮರದ ಕೆಳಗೆ, ಬದುವಿನ ಅಂಚು, ಗೊಬ್ಬರ ಗುಡ್ಡೆ ಹಾಕಿದ ಜಾಗ ಬೇಡ. ಮೇಲಿನ ಕಸ ಸರಿಸಿ, ಇಂಗ್ಲಿಷಿನ ವಿ ಅಕ್ಷರದ ಆಕಾರಕ್ಕೆ ಗುಂಡಿ ತೋಡಿ, ಒಂದು ಬದಿಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದ ಹೋಳು ಕೆತ್ತಿ. ಎಲ್ಲ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಎಸೆದು, ಅರ್ಧ ಕೆಜಿ ಉಳಿಯುವವರೆಗೆ ಹೀಗೇ ಮಾಡಿ. ನೆರಳಲ್ಲಿ ಒಣಗಿಸಿ. ಗೊಬ್ಬರ ಹಾಕುವ ಮುಂಚೆ, ಪ್ರತಿ ಸಲ ಅದೇ ಕಾಲದಲ್ಲಿ, ಸಾಧ್ಯವಾದರೆ ಅದೇ ಲ್ಯಾಬಿಗೆ ಕೊಡಿ. ಚೀಲದೊಳಗೆ ಒಂದು ಚೀಟಿ ಹಾಕಿ, ತಾಕಿನ ಹೆಸರು, ದಿನಾಂಕ, ಆಳ, ಹಿಂದಿನ ಬೆಳೆ ಬರೆಯಿರಿ. ಪೆನ್ಸಿಲಿನಲ್ಲಿ ಬರೆಯಿರಿ. ಮಣ್ಣಿನ ತೇವಕ್ಕೆ ಪೆನ್ನಿನ ಶಾಯಿ ಹರಡಿಬಿಡುತ್ತದೆ.